ಎದುರಿಗೆ ಕೂತವರು

"ಇದನ್ನ ಬಂದ್ ಮಾಡದು ಎಲ್ಲಿದೆ ಮಾರಾಯ?" ಎಂದು ಅಪ್ಪಯ್ಯ ತೀರ್ಥಹಳ್ಳಿಯಿಂದ ಫೋನು ಮಾಡಿದಾಗ ನನಗೆ ತಕ್ಷಣ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾವುದನ್ನ ಅಂದೆ. ಕಂಪ್ಯೂಟರನ್ನ ಅಂದರು. ಮೆನು ತೆಗೆದು ಕೆಳಗೆ ನೋಡಿ, ಶಟ್‌ಡೌನ್ ಅಂತ ಇರುತ್ತೆ ಅಂದೆ. "ಲಾಗ್ ಔಟ್ ಅಂತ ಒಂದಿದೆ. ಅದನ್ನ ಒತ್ತಿದರೆ ಮತ್ತೆ ಹೆಸರು ಕೇಳ್ತದೆ. ಬೇರೆ ಎಂತದೂ ಇಲ್ಲ."

ಆ ಯಂತ್ರವನ್ನು ನಾನು ಸಜ್ಜುಮಾಡಿ ಕೊಟ್ಟು ಬಂದು ಮೂರು ವಾರವಾಗಿತ್ತು. ಹಾಗಾದರೆ ಇಷ್ಟು ದಿನ ರಾತ್ರಿ ಹೇಗೆ ಆಫ್ ಮಾಡ್ತಿದ್ದಿರಿ ಎಂದು ಕೇಳಿದೆ.

"ಡಬ್ಬದ ಎದುರಿಗಿನ ಗುಂಡಿ ಒತ್ತಿ ಹಿಡೀತೇನೆ. ಸ್ವಲ್ಪ ಹೊತ್ತಿಗೆ ಸತ್ತುಹೋಗ್ತದೆ."

ನಮ್ಮ ಮನೆಯಲ್ಲಿ ದೀಪ ಆರಿಸು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ದೀಪ ದೊಡ್ಡದು ಮಾಡು ಎನ್ನುತ್ತಿದ್ದರು. ಬಾಗಿಲು ಮುಚ್ಚು ಎನ್ನುತ್ತಿರಲಿಲ್ಲ, ಮುಂದೆ ಮಾಡು ಎನ್ನುತ್ತಿದ್ದರು. ಹೊರಡುವವರು ಹೋಗ್ತೇನೆ ಎಂದರೆ ಅಜ್ಜಿ ಅಲ್ಲೇ ತಡೆದು, ಹೋಗಿ ಬರ್ತೇನೆ ಅನ್ನು ಎಂದು ತಿದ್ದುತ್ತಿದ್ದಳು. ಅಂಥ ಮನೆಯ ಹಿರಿಯರ ಬಾಯಲ್ಲಿ "ಸತ್ತುಹೋಗ್ತದೆ" ಎಂಬ ಮಾತು ಬಂತು. ಸರಿಯಾಗಿ ಮುಗಿಸುವ ದಾರಿಯನ್ನು ನಾನು ಅವರಿಗೆ ಕೊಟ್ಟಿರಲಿಲ್ಲ ಎಂಬುದು ಆಗ ಮನಸ್ಸಿಗೆ ತಟ್ಟಿತು.

ಯಂತ್ರ ಹಳೆಯದು, 2 ಜಿಬಿ ರ್‍ಯಾಮ್. ಅಪ್ಪಯ್ಯ ಮೇಷ್ಟರಾಗಿ ನಿವೃತ್ತರಾದವರು. ತಾವು ಕೆಲಸ ಮಾಡಿದ ಶಾಲೆಗಳ ಬಗ್ಗೆ ಬರೆದಿಡುವ ಆಸೆ ಅವರದು. ಕಗಪ ಕೀಲಿಮಣೆ ಕಲಿತು ದಿನಕ್ಕೊಂದು ಪುಟದಂತೆ ಟೈಪು ಮಾಡುತ್ತಾರೆ. ಯಂತ್ರಕ್ಕೆ ಭಾರವಾಗಬಾರದೆಂದು ನಾನು ಲಿನಕ್ಸನ್ನು ಎಷ್ಟು ತೆಳ್ಳಗೆ ಹಾಕಬಹುದೋ ಅಷ್ಟು ತೆಳ್ಳಗೆ ಹಾಕಿದ್ದೆ. ಮುಖ್ಯ ಪ್ಯಾಕೇಜಿನ ಜೊತೆಗೆ ಶಿಫಾರಸು ಎಂದು ಬರುವ ಹೆಚ್ಚುವರಿ ಪ್ಯಾಕೇಜುಗಳೆಲ್ಲ ಬೇಡ ಎಂದು ಬಿಟ್ಟಿದ್ದೆ. ನಾನು ಆಫ್ ಮಾಡುವುದು ಯಾವಾಗಲೂ ಟರ್ಮಿನಲ್ಲಿನಲ್ಲಿ ಸೂಡೂ ಪವರ್‌ಆಫ್ ಎಂದು ಟೈಪು ಮಾಡಿ. ಹಾಗಾಗಿ ಮೆನುವಿನ ಕೊನೆಯ ತನಕ ಕಣ್ಣು ಹಾಯಿಸಿಯೇ ಇರಲಿಲ್ಲ. ಮೆನುವಿನ ಶಟ್‌ಡೌನ್ ಗುಂಡಿ ಕಾಣೆಯಾದದ್ದಲ್ಲ, ಮೊದಲ ದಿನದಿಂದಲೇ ಇರಲಿಲ್ಲ.

ಫೋನಿನಲ್ಲಿ ಅವತ್ತು ಹೇಳಿದ್ದು ಇಷ್ಟೆ: "ಅಪ್ಪಯ್ಯ, ಗುಂಡಿ ಒತ್ತಿ ಹಿಡೀಬೇಡಿ. ಕಾಲಿಂಗ್ ಬೆಲ್ ಒತ್ತಿದ ಹಾಗೆ ಒಮ್ಮೆ ಒತ್ತಿ ಬಿಟ್ಟುಬಿಡಿ. ಆಮೇಲೆ ಕಾಯಿರಿ." ಅವರು ಹಾಗೇ ಮಾಡಿದರು. ಪರದೆ ಕಪ್ಪಾಗಿ, ಏನೋ ನಾಲ್ಕು ಸಾಲು ಬಂದು ಹೋಗಿ, ಫ್ಯಾನಿನ ಸದ್ದು ನಿಂತಿತು. "ಓ, ಇದು ಬೇರೆ ಥರ ನಿಂತಿತಲ್ಲ" ಅಂದರು.

ಬೇರೆ ಥರವೇ. ಹಳೆಯ ಪಿಸಿಗಳ ಸ್ವಿಚ್ಚು ಗೋಡೆಯ ಸ್ವಿಚ್ಚಿನ ಹಾಗಿತ್ತು, ಒತ್ತಿದರೆ ಕರೆಂಟೇ ಕಡಿಯುತ್ತಿತ್ತು. ವಿಂಡೋಸ್ 95ರ ಕಾಲದಲ್ಲಿ ಇನ್ನು ಆಫ್ ಮಾಡಬಹುದು ಎಂದು ಕಿತ್ತಳೆ ಬಣ್ಣದಲ್ಲಿ ಬರುತ್ತಿದ್ದ ಇಂಗ್ಲಿಷ್ ಸಾಲು ಆಗ ಕಂಪ್ಯೂಟರ್ ಕಲಿತವರಿಗೆ ನೆನಪಿರುತ್ತದೆ. ಅದು ಬಂದ ಮೇಲೆ ನಾವು ಕೈಚಾಚಿ ಸ್ವಿಚ್ಚು ಒತ್ತಬೇಕಿತ್ತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯಲ್ಲಿ ಆ ಸ್ವಿಚ್ಚು ಮದರ್‌ಬೋರ್ಡಿಗೆ ಸುದ್ದಿ ಮುಟ್ಟಿಸುವ ಗುಂಡಿಯಾಯಿತು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ ಎಸಿಪಿಐ ಎಂಬ ನಿಯಮಾವಳಿ ತಂದ ಮೇಲೆ, ಆ ಸುದ್ದಿಗೆ ಏನು ಮಾಡಬೇಕೆಂದು ತೀರ್ಮಾನಿಸುವ ಕೆಲಸ ಆಪರೇಟಿಂಗ್ ಸಿಸ್ಟಮ್ಮಿನ ಪಾಲಾಯಿತು. ಅಲ್ಲಿಗೆ ಗುಂಡಿ ಒತ್ತುವುದೆಂದರೆ ಅರ್ಜಿ ಕೊಟ್ಟ ಹಾಗೆ. ಸುಮಾರು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ಯಾರನ್ನೂ ಕೇಳದೆ ಕರೆಂಟು ಕಡಿಯುತ್ತದೆ. ಅದು ಯಂತ್ರ ಪೂರ್ತಿ ಸೆಟೆದು ನಿಂತಾಗ ಬಳಸಬೇಕಾದ ದಾರಿ. ಮೂರು ವಾರ ಅಪ್ಪಯ್ಯ ದಿನಾ ರಾತ್ರಿ ಆ ದಾರಿಯಲ್ಲೇ ಹೋಗಿದ್ದರು.

ಹಾಗೆ ಕಡಿದರೆ ಏನಾಗುತ್ತದೆ ಎಂದು ಅವರಿಗೆ ವಿವರಿಸುವುದು ಕಷ್ಟವಾಗಲಿಲ್ಲ. ಸೇವ್ ಮಾಡಿದ್ದು ಆ ಗಳಿಗೆಯಲ್ಲೇ ಡಿಸ್ಕಿಗೆ ಇಳಿಯಬೇಕೆಂದಿಲ್ಲ. ಲಿನಕ್ಸ್ ಅದನ್ನು ಸ್ವಲ್ಪ ಹೊತ್ತು ರ್‍ಯಾಮಿನಲ್ಲಿ ಇಟ್ಟುಕೊಂಡು ಒಟ್ಟಾಗಿ ಬರೆಯುತ್ತದೆ. ಸಾಮಾನ್ಯ ಸೆಟ್ಟಿಂಗಿನಲ್ಲಿ 30 ಸೆಕೆಂಡು ಹಳೆಯದಾದ ಬರಹವನ್ನು, ಐದೈದು ಸೆಕೆಂಡಿಗೊಮ್ಮೆ ಎದ್ದು ನೋಡಿ, ಡಿಸ್ಕಿಗೆ ಇಳಿಸುತ್ತದೆ. ತೋಟದ ಲೆಕ್ಕವನ್ನು ಅಲ್ಲಲ್ಲೇ ಚೀಟಿಯಲ್ಲಿ ಗುರುತು ಹಾಕಿಕೊಂಡು ಸಂಜೆ ಪುಸ್ತಕಕ್ಕೆ ಏರಿಸುವ ಕ್ರಮ ಅವರಿಗೆ ಗೊತ್ತಿದ್ದದ್ದೇ. ಪುಸ್ತಕಕ್ಕೆ ಏರಿಸುವ ಮೊದಲೇ ಚೀಟಿ ನೆನೆದುಹೋದರೆ? ಇಎಕ್ಸ್‌ಟಿ4 ಎಂಬ ಕಡತವ್ಯವಸ್ಥೆಗೆ ಜರ್ನಲ್ ಇದೆ, ಪುಸ್ತಕದ ಹೊಲಿಗೆ ಬಿಚ್ಚದ ಹಾಗೆ ಅದು ಕಾಯುತ್ತದೆ. ಒಳಗಿನ ಕೊನೆಯ ಸಾಲಿಗೆ ಅದರ ಭರವಸೆ ಇಲ್ಲ. "ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ರಿಕವರಿಂಗ್ ಜರ್ನಲ್ ಅಂತ ಬರ್ತಿತ್ತು. ನಾನು ಬರೆದದ್ದನ್ನೇ ಅದು ಎಲ್ಲೋ ಹುಡುಕ್ತಿದೆ ಅಂದುಕೊಂಡಿದ್ದೆ" ಅಂದರು. ಅವರ ಬರಹಕ್ಕೆ ಏನೂ ಆಗಿರಲಿಲ್ಲ. ಆದರೂ ಆ ಸಾಲನ್ನು ಅವರು ಒಬ್ಬರೇ ಕೂತು ದಿನಾ ಓದಿದ್ದಾರೆ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಮುಂದಿನ ಶನಿವಾರ ಊರಿಗೆ ಹೋದೆ. ಮಳೆ ಹಿಡಿದಿತ್ತು. ಅಪ್ಪಯ್ಯ ಕುರ್ಚಿ ಬಿಟ್ಟು ಏಳಲಿಲ್ಲ, ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಟರ್ಮಿನಲ್ ತೆಗೆದು ಲಾಗಿನ್‌ಸಿಟಿಎಲ್ ಎಂದು ಕೊಟ್ಟೆ. ಈ ಯಂತ್ರದಲ್ಲಿ ಈಗ ಯಾರ್‍ಯಾರು ಲಾಗಿನ್ ಆಗಿದ್ದಾರೆ ಎಂದು ತೋರಿಸುವ ಆಜ್ಞೆ ಅದು. ಉತ್ತರ ಬಂತು: ಸೆಶನ್‌ಗಳು ಯಾವುವೂ ಇಲ್ಲ.

ಅಪ್ಪಯ್ಯ ಪರದೆಯ ಎದುರಿಗೇ ಇದ್ದಾರೆ. ಅವರ ಹೆಸರಲ್ಲೇ ಲಾಗಿನ್ ಆಗಿದೆ. ಹಿಂದೆ ಅವರ ಅರ್ಧ ಬರೆದ ಪುಟ ತೆರೆದಿದೆ. ಯಂತ್ರ ಮಾತ್ರ ತನ್ನ ಮುಂದೆ ಯಾರೂ ಇಲ್ಲ ಎನ್ನುತ್ತಿದೆ.

ಇದರ ಬೇರು ತುಂಬ ಹಿಂದಕ್ಕೆ ಹೋಗುತ್ತದೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚೀ ಯುನಿಕ್ಸ್ ಶುರುಮಾಡಿದ ಕಾಲದಲ್ಲಿ ಕಂಪ್ಯೂಟರ್ ಎಂದರೆ ಹಲವರು ಹಂಚಿಕೊಂಡು ಬಳಸುವ ವಸ್ತು. ಒಬ್ಬ ತನ್ನ ಕೆಲಸ ಮುಗಿಯಿತೆಂದು ಇಡೀ ಯಂತ್ರವನ್ನು ನಿಲ್ಲಿಸಿದರೆ ಬೇರೆ ಟರ್ಮಿನಲ್ಲುಗಳಲ್ಲಿ ಕೂತವರ ಕೆಲಸ ನೀರಿಗೆ ಹೋಗುತ್ತಿತ್ತು. ಆದ್ದರಿಂದ ನಿಲ್ಲಿಸುವ ಹಕ್ಕು ಮೇಲ್ವಿಚಾರಕನೊಬ್ಬನಿಗೆ, ಅಂದರೆ ರೂಟ್‌ಗೆ ಮಾತ್ರ. ಅವನೂ ನಿಲ್ಲಿಸುವ ಮೊದಲು ಎಲ್ಲರ ಪರದೆಗೂ ಎಚ್ಚರಿಕೆ ಕಳಿಸಬೇಕು. ನನಗೆ ಈ ನಡವಳಿಕೆ ಇಷ್ಟ. ಊಟದ ಪಂಕ್ತಿಯಲ್ಲಿ ಒಬ್ಬನೇ ಎದ್ದುಹೋಗಬಾರದು ಎನ್ನುವ ಹಾಗೆ ಇದೆ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯ ತನ್ನ ಮನೆಯ ಪಿಸಿಗೆಂದು ಲಿನಕ್ಸ್ ಬರೆದಾಗ ಯಂತ್ರ ಒಬ್ಬನದೇ ಆಗಿದ್ದರೂ ಈ ಕಟ್ಟಳೆ ಹಾಗೇ ಬಂತು.

ಮನೆಯ ಕಂಪ್ಯೂಟರಿಗೆ ಆ ಕಟ್ಟಳೆ ಬಿಗಿಯಾಯಿತು. ಅದನ್ನು ಸಡಿಲಿಸಲು ಮಾಡಿದ ಏರ್ಪಾಡು ಸೊಗಸಾಗಿದೆ. ನೀನು ಯಾರು ಎಂದು ಕೇಳುವುದರ ಜೊತೆಗೆ ನೀನು ಎಲ್ಲಿ ಕೂತಿದ್ದೀಯ ಎಂದೂ ಕೇಳುವುದು. ಪರದೆ, ಕೀಲಿಮಣೆ, ಮೌಸು ಸೇರಿದ ಜಾಗಕ್ಕೆ ಸೀಟ್ ಎಂದು ಹೆಸರು. ಆ ಸೀಟಿನಲ್ಲಿ ಈಗ ಯಾರಿದ್ದಾರೆ ಎಂಬ ಹಾಜರಿಯನ್ನು ಮೊದಲು ಕನ್ಸೋಲ್‌ಕಿಟ್ ಎಂಬ ಸೇವೆ ಇಡುತ್ತಿತ್ತು, ಈಗ ಹೆಚ್ಚಿನ ಕಡೆ ಸಿಸ್ಟಮ್‌ಡಿಯ ಭಾಗವಾದ ಲಾಗಿನ್‌ಡಿ ಇಡುತ್ತದೆ. ಯಾರಿಗೆ ಏನು ಮಾಡಲು ಬಿಡಬೇಕೆಂದು ಹೇಳುವುದು ಪೋಲ್ಕಿಟ್ ಎಂಬ ಇನ್ನೊಂದು ಸೇವೆ. ಆಫ್ ಮಾಡುವ ವಿಷಯದಲ್ಲಿ ಅದರ ರೂಢಿಯ ನಿಯಮ ಸರಳ: ಸೀಟಿನಲ್ಲಿ ಕೂತು ಕೆಲಸ ಮಾಡುತ್ತಿರುವವರಾದರೆ ಪಾಸ್‌ವರ್ಡ್ ಕೇಳದೆ ಬಿಡು. ದೂರದಿಂದ ಬಂದವರು, ಹಿನ್ನೆಲೆಗೆ ಸರಿದ ಸೆಶನ್ನಿನವರು ಆದರೆ ಮೇಲ್ವಿಚಾರಕನ ಪಾಸ್‌ವರ್ಡ್ ಕೇಳು. ಡಬ್ಬದ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟಾಗ ಯಾವ ಅನುಮತಿಯೂ ಇಲ್ಲದೆ ಯಂತ್ರ ಸರಿಯಾಗಿ ನಿಂತದ್ದೂ ಇದೇ ನ್ಯಾಯದಿಂದ. ಕೈ ಮುಟ್ಟುವಷ್ಟು ಹತ್ತಿರ ಇರುವವರನ್ನು ಲಾಗಿನ್‌ಡಿ ಪ್ರಶ್ನಿಸುವುದಿಲ್ಲ.

ಮೆನು ತೆರೆಯುವ ಮೊದಲು ಡೆಸ್ಕ್‌ಟಾಪ್ ಒಳಗೊಳಗೇ ಲಾಗಿನ್‌ಡಿಯನ್ನು ಕೇಳುತ್ತದೆ: ಇವರು ಆಫ್ ಮಾಡಬಹುದೆ, ಸಸ್ಪೆಂಡ್ ಮಾಡಬಹುದೆ? ಉತ್ತರ ಮುಖ್ಯವಾಗಿ ನಾಲ್ಕು ಬಗೆ. ಹೌದು, ಇಲ್ಲ, ಪಾಸ್‌ವರ್ಡ್ ಕೊಟ್ಟರೆ ಆಗಬಹುದು, ಈ ಯಂತ್ರಕ್ಕೆ ಅದು ಸಾಧ್ಯವೇ ಇಲ್ಲ. ನಾನು ತೆಳ್ಳಗೆ ಹಾಕುವ ಭರದಲ್ಲಿ ಬಿಟ್ಟದ್ದರಲ್ಲಿ ಎರಡು ಇದ್ದವು. ಲಾಗಿನ್ ಆಗುವಾಗ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸುವ ಪ್ಯಾಮ್ ಘಟಕ ಒಂದು, ಪೋಲ್ಕಿಟ್ ಇನ್ನೊಂದು. ಹಾಜರಿಯೂ ಇಲ್ಲ, ವಿಚಾರಿಸುವವರೂ ಇಲ್ಲ. ಹಾಗಾಗಿ ಇಲ್ಲ ಎಂಬುದೇ ಉತ್ತರ, ಮತ್ತು ಮೆನುವಿನಿಂದ ಆ ಸಾಲು ಮಾಯ.

ಆಗ ಇನ್ನೊಂದು ನೆನಪಾಯಿತು. ಹತ್ತು ದಿನದ ಹಿಂದೆ ಅಪ್ಪಯ್ಯ, ಪೆನ್‌ಡ್ರೈವ್ ಹಾಕಿದರೆ ತೆರೆಯುವುದಿಲ್ಲ, ಅನುಮತಿ ಇಲ್ಲ ಅಂತದೆ ಎಂದಿದ್ದರು. ಪೆನ್‌ಡ್ರೈವ್ ಕೆಟ್ಟಿರಬೇಕು ಎಂದು ನಾನು ಅಲ್ಲಿಗೇ ಬಿಟ್ಟಿದ್ದೆ. ಕೆಟ್ಟಿರಲಿಲ್ಲ. ಅದನ್ನು ತೆರೆಯಬಹುದೆ ಎಂದು ಕೇಳಬೇಕಾದದ್ದೂ ಪೋಲ್ಕಿಟ್ಟನ್ನೇ. ನೆಂಟರ ಮನೆಯ ಫೋಟೋ ನೋಡಲಾಗದ್ದು, ರಾತ್ರಿ ಯಂತ್ರ ನಿಲ್ಲಿಸಲಾಗದ್ದು ಎರಡೂ ಒಂದೇ ರೋಗ. ಇಂಥ ತೊಂದರೆಗೆ ಸಾಮಾನ್ಯವಾಗಿ ಸಿಗುವ ಮದ್ದು, ಪಾಸ್‌ವರ್ಡ್ ಇಲ್ಲದೆ ಸೂಡೂ ಪವರ್‌ಆಫ್ ಓಡುವ ಹಾಗೆ ಒಂದು ಸಾಲು ಬರೆದು, ಡೆಸ್ಕ್‌ಟಾಪಿನ ಮೇಲೆ ಐಕಾನ್ ಇಡುವುದು. ಎರಡು ನಿಮಿಷದ ಕೆಲಸ, ನನಗೂ ಕೈ ತುರಿಸಿತ್ತು. ಹಾಗೆ ಮಾಡಿದ್ದರೆ ಗುಂಡಿ ಬರುತ್ತಿತ್ತು. ಅಪ್ಪಯ್ಯ ಮಾತ್ರ ಹಾಜರಿ ಪುಸ್ತಕದಲ್ಲಿ ಗೈರಾಗಿಯೇ ಉಳಿಯುತ್ತಿದ್ದರು, ಪೆನ್‌ಡ್ರೈವ್ ಮುಚ್ಚಿಯೇ ಇರುತ್ತಿತ್ತು.

ನನ್ನ ತಪ್ಪನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಹೇಳಬೇಕು. ಮಾಡಲಾಗದ ಕೆಲಸದ ಹೆಸರನ್ನೇ ಮೆನುವಿನಿಂದ ತೆಗೆದುಹಾಕುವ ಕ್ರಮ ಸರಿಯಲ್ಲ. ಸಾಲು ಮಬ್ಬಾಗಿ ಕಂಡು, ಒತ್ತಿದಾಗ ಕಾರಣ ಹೇಳಿದ್ದರೆ, ಅಪ್ಪಯ್ಯ ಆ ಕಾರಣವನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದರು, ಅವತ್ತೇ ಬಗೆಹರಿಯುತ್ತಿತ್ತು. ಇಲ್ಲದೇ ಇರುವುದನ್ನು ಕುರಿತು ಕೇಳುವುದು ಹೇಗೆ? ತಮಗೇ ಕಾಣುತ್ತಿಲ್ಲವೇನೋ ಎಂದು ಅವರು ಮೂರು ವಾರ ಸುಮ್ಮನಿದ್ದರು. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಎಂಬ ಡೆಸ್ಕ್‌ಟಾಪ್ ಬಂದಾಗ ಬಹಳ ಜನರಿಗೆ ಇಂಥದೇ ಅನುಭವವಾಗಿತ್ತು. ಅಲ್ಲಿ ಅನುಮತಿಯ ತೊಡಕಿರಲಿಲ್ಲ. ಜನ ಯಂತ್ರವನ್ನು ಮಲಗಿಸಿದರೆ ಸಾಕು ಎಂಬ ಎಣಿಕೆಯಿಂದ ಮೆನುವಿನಲ್ಲಿ ಸಸ್ಪೆಂಡ್ ಒಂದನ್ನೇ ಇಟ್ಟಿದ್ದರು. ಆಲ್ಟ್ ಕೀಲಿ ಒತ್ತಿ ಹಿಡಿದರೆ ಅದೇ ಸಾಲು ಪವರ್ ಆಫ್ ಆಗುತ್ತಿತ್ತು. ಆಲ್ಟ್ ಒತ್ತಬೇಕೆಂದು ಯಾರಿಗೆ ಹೊಳೆಯಬೇಕು? ತಕರಾರು ಜೋರಾಗಿಯೇ ಎದ್ದಿತು. 2012ರ ಸೆಪ್ಟೆಂಬರಿನ 3.6 ಆವೃತ್ತಿಯಲ್ಲಿ ಪವರ್ ಆಫ್ ಮೆನುವಿಗೆ ಮರಳಿತು.

ಪ್ಯಾಕೇಜುಗಳನ್ನು ಹಾಕಿ ಯಂತ್ರವನ್ನು ಮತ್ತೆ ಶುರುಮಾಡಿದೆ. ಅಪ್ಪಯ್ಯ ಲಾಗಿನ್ ಆದರು. ಮತ್ತೆ ಅದೇ ಆಜ್ಞೆ ಕೊಟ್ಟೆ. ಈ ಬಾರಿ ಒಂದು ಸಾಲು ಬಂತು: ಸೆಶನ್ನಿನ ಸಂಖ್ಯೆ, 1000 ಎಂಬ ಬಳಕೆದಾರ ಸಂಖ್ಯೆ, ಅಪ್ಪಯ್ಯನ ಹೆಸರು, ಸೀಟ್ ಸೊನ್ನೆ. "ಇದು ಯಾರು?" ಎಂದು ಬೆರಳಿಟ್ಟು ಕೇಳಿದರು. ನೀವೇ, ಈ ಕುರ್ಚಿಯಲ್ಲಿ ಕೂತಿದ್ದೀರಿ ಅಂತ ಬರೆದಿದೆ ಅಂದೆ. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

ಮೆನುವಿನಲ್ಲಿ ಈಗ ಶಟ್‌ಡೌನ್, ರೀಸ್ಟಾರ್ಟ್, ಸಸ್ಪೆಂಡ್ ಮೂರೂ ಇದ್ದವು. ಹೈಬರ್ನೇಟ್ ಬರಲಿಲ್ಲ, ಅದಕ್ಕೆ ಕಾರಣ ಬೇರೆ. ಹೈಬರ್ನೇಟ್ ಎಂದರೆ ರ್‍ಯಾಮಿನಲ್ಲಿ ಇದ್ದದ್ದನ್ನು ಡಿಸ್ಕಿನ ಸ್ವಾಪ್ ಜಾಗದಲ್ಲಿ ಬರೆದಿಟ್ಟು ಪೂರ್ತಿ ಆಫ್ ಆಗುವುದು. ನಾನು ಸ್ವಾಪ್ ಜಾಗವನ್ನೇ ಬಿಟ್ಟಿರಲಿಲ್ಲ. ಅನುಮತಿ ಎಷ್ಟಿದ್ದರೂ ಇಡಲು ಜಾಗ ಬೇಕಲ್ಲ. ಕರ್ನಲ್ಲಿಗೆ ಯಾವ ಬಗೆಯ ನಿದ್ದೆ ಗೊತ್ತು ಎಂಬುದು ಸಿಸ್ ಕೆಳಗಿನ ಪವರ್ ಕಡತಕೋಶದ ಸ್ಟೇಟ್ ಎಂಬ ಕಡತದಲ್ಲಿ ಇರುತ್ತದೆ. ಅಲ್ಲಿ ಮೆಮ್ ಎಂಬ ಪದ ಇದ್ದರೆ ಸಸ್ಪೆಂಡ್, ಡಿಸ್ಕ್ ಎಂದಿದ್ದರೆ ಹೈಬರ್ನೇಟ್. ಗುಂಡಿ ಕಾಣದಾಗ ನೋಡಬೇಕಾದ ಎರಡು ಜಾಗಗಳು ಇವು, ಹಾಜರಿ ಪುಸ್ತಕ ಒಂದು, ಈ ಕಡತ ಇನ್ನೊಂದು.

ಸಸ್ಪೆಂಡ್ ಎಂದರೆ ಏನು ಎಂದು ಅಪ್ಪಯ್ಯ ಕೇಳಿದರು. ಯಂತ್ರ ನಿದ್ದೆ ಮಾಡುತ್ತದೆ, ರ್‍ಯಾಮಿಗೆ ಮಾತ್ರ ಸ್ವಲ್ಪ ಕರೆಂಟು ಹೋಗುತ್ತಿರುತ್ತದೆ, ಎಬ್ಬಿಸಿದರೆ ಬಿಟ್ಟಲ್ಲಿಂದಲೇ ಶುರು ಎಂದೆ.

"ಕರೆಂಟು ಹೋದರೆ?"

"ಯುಪಿಎಸ್ ಇರೋವರೆಗೆ ಇರ್ತದೆ. ಆಮೇಲೆ ಸೇವ್ ಮಾಡದ್ದು ಹೋಗ್ತದೆ."

"ಹಂಗಾದರೆ ಈ ಊರಿಗೆ ಅದು ಬೇಡ" ಎಂದರು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ಎರಡೆರಡು ದಿನ ಕತ್ತಲಾಗುವ ಕಡೆ ಅವರ ತೀರ್ಮಾನವೇ ಸರಿ. ಆ ಸಾಲನ್ನು ತೆಗೆದುಬಿಡಲೇ ಎಂದು ಕೇಳಿದೆ. ಬೇಡ, ಇರಲಿ, ಒತ್ತುವುದಿಲ್ಲ ಅಷ್ಟೆ ಎಂದರು.

ರಾತ್ರಿ ಊಟಕ್ಕೆ ಕರೆ ಬಂತು. ಅಪ್ಪಯ್ಯ ಪುಟವನ್ನು ಸೇವ್ ಮಾಡಿ, ಮೆನು ತೆರೆದು, ಒಂದೊಂದೇ ಸಾಲು ಓದುತ್ತ ಕೆಳಗಿಳಿದು, ಶಟ್‌ಡೌನ್ ಒತ್ತಿದರು. ಫ್ಯಾನು ನಿಂತಿತು. ಯುಪಿಎಸ್ ಆರಿಸಿ, ಹಳೆಯ ಪಂಚೆಯನ್ನು ಮಾನಿಟರಿನ ಮೇಲೆ ಹೊದಿಸಿದರು. ಬಾಗಿಲ ತನಕ ಹೋದವರು ಅಲ್ಲೇ ನಿಂತು, "ನಾಳೆಯೂ ಇರ್ತದಾ ಅದು?" ಎಂದು ಕೇಳಿದರು.

ಇರ್ತದೆ ಅಂದೆ. ಅವರು ವಾಪಸು ಬಂದು, ಪಂಚೆ ಸರಿಸಿ, ಯುಪಿಎಸ್ ಹಾಕಿ, ಯಂತ್ರವನ್ನು ಮತ್ತೆ ಆನ್ ಮಾಡಿ, ಕುರ್ಚಿಯಲ್ಲಿ ಕೂತರು. ಒಳಗೆ ಬಡಿಸಿದ ಅನ್ನ ಆರುತ್ತಿತ್ತು. ನಾನೂ ಸ್ಟೂಲಿನಲ್ಲಿ ಕೂತೆ.