ಹಿತ್ತಲ ಹೂವು, ದೊಡ್ಡಪ್ಪನ ಕಷಾಯ

ಮಾಗಡಿ ಹತ್ತಿರದ ನಮ್ಮೂರಲ್ಲಿ ದೊಡ್ಡಪ್ಪನ ಹಿತ್ತಲ ತುಂಬ ನಿತ್ಯಪುಷ್ಪ. ಕೆಲವರು ಕಾಶಿ ಕಣಗಿಲೆ ಅಂತಾರೆ. ನೀರು ಹಾಕದಿದ್ರೂ ಹೂ ಬಿಡೋ ಗಿಡ.

ದೊಡ್ಡಪ್ಪನಿಗೆ ಲಿಂಫೋಮಾ ಅಂತ ಗೊತ್ತಾದಾಗ ಬೆಂಗಳೂರಿನ ಕಿದ್ವಾಯಿಯಲ್ಲಿ ಮೂರು ವಾರಕ್ಕೊಮ್ಮೆ ಕೀಮೋ ಶುರುವಾಯ್ತು. ಅದರಲ್ಲೊಂದು ಔಷಧಿ ವಿನ್‌ಕ್ರಿಸ್ಟಿನ್. 'ಅದು ನಮ್ಮ ಹಿತ್ತಲ ಗಿಡದಿಂದಾನೇ ಬರೋದು' ಅಂದೆ. ಬಯೋಟೆಕ್ನಾಲಜಿ ಓದಿದ ಜಂಬ!

ಮೂರನೇ ಸಲ ಅವರು ಬಸ್ಸು ಹತ್ತಲಿಲ್ಲ. 'ಸೊಪ್ಪು ಇಲ್ಲೇ ಐತಲ್ಲವ್ವ, ಕಷಾಯ ಕಾಯಿಸ್ಕಂಡು ಕುಡೀತೀನಿ' ಅಂದರು. ನನ್ನೆದೆ ಝಲ್ಲೆಂದಿತು.

ರಾತ್ರಿ ಜಗಲಿ ಮೇಲೆ ಕೂತು ವಿವರಿಸಿದೆ. ಸಕ್ಕರೆ ಕಾಯಿಲೆಗೆ ಮದ್ದು ಹುಡುಕಲು ಹೋದ ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಅವರಿಗೆ 1958ರ ಹೊತ್ತಿಗೆ ಈ ಎಲೆಯಲ್ಲಿ ಸಿಕ್ಕಿದ್ದು ವಿನ್‌ಬ್ಲಾಸ್ಟಿನ್. ಅದರ ಒಂದು ಗ್ರಾಂಗೆ ಸುಮಾರು 500 ಕೆಜಿ ಒಣ ಎಲೆ ಬೇಕು. ಅದಕ್ಕೇ ಗಿಡದ ಕೋಶಗಳನ್ನೇ ಲ್ಯಾಬಲ್ಲಿ ಬೆಳೆಸೋ ಪ್ರಯತ್ನ. ಯೂ ಮರದ ಕೋಶಗಳನ್ನು ದೊಡ್ಡ ಟ್ಯಾಂಕುಗಳಲ್ಲಿ ಬೆಳೆಸಿ ಪ್ಯಾಕ್ಲಿಟ್ಯಾಕ್ಸೆಲ್ ತೆಗೀತಾರೆ. ನಿತ್ಯಪುಷ್ಪ ಮಾತ್ರ ಹಠಮಾರಿ. ಅದರ ಔಷಧಿ ಎರಡು ತುಂಡು ಸೇರಿ ಆಗೋದು. ಅದರಲ್ಲೊಂದು, ವಿಂಡೋಲಿನ್, ಬಿಡಿ ಕೋಶಗಳಲ್ಲಿ ಹುಟ್ಟೋದೇ ಕಷ್ಟ.

ಎಂಎಸ್ಸಿಯಲ್ಲಿ ನಾವೂ ಎಲೆಚೂರನ್ನು ಹಾರ್ಮೋನ್ ಬೆರೆಸಿದ ಅಗರ್ ಮೇಲಿಟ್ಟು, ಎಲೆಯೂ ಅಲ್ಲದ ಬೇರೂ ಅಲ್ಲದ ಕ್ಯಾಲಸ್ ಉಂಡೆ ಬೆಳೆಸಿದ್ದೆವು. ಅದರ ಸಾರವನ್ನು ಕ್ಯಾನ್ಸರ್ ಕೋಶಗಳಿಗೆ ಹಾಕಿ, ಎಂಟಿಟಿ ಅನ್ನೋ ಹಳದಿ ದ್ರಾವಣ ಬೆರೆಸಿದರೆ, ಬದುಕಿರೋ ಕೋಶಗಳಿದ್ದ ಕಡೆ ನೇರಳೆ ಬಣ್ಣ ಬರುತ್ತೆ. ನೇರಳೆ ಕಮ್ಮಿಯಾದ ದಿನ ಕುಣಿದಾಡಿದ್ದೆವು. ಗೈಡ್ ಮೇಡಂ ಕೇಳಿದ್ದು ಒಂದೇ: 'ಫಿನೈಲ್ ಹಾಕಿದ್ರೂ ಕೋಶ ಸಾಯುತ್ತೆ. ಒಳ್ಳೇ ಕೋಶ ಉಳೀತಾ?'

ಆ ಪರೀಕ್ಷೆ ದಾಟಿದ್ಮೇಲೂ ಪ್ರಾಣಿಗಳು, ಆಮೇಲೆ ಮನುಷ್ಯರು. ವರ್ಷಗಟ್ಟಲೆ ಕೆಲಸ.

ದೊಡ್ಡಪ್ಪ ಸುಮ್ಮನೆ ಕೇಳಿಸಿಕೊಂಡರು. 'ಹಂಗಾರೆ ನನ್ ಲೋಟದಾಗೆ ಔಸ್ದಿ ಎಷ್ಟಿರ್ತದೆ?'

'ಅಳೆಯೋಕಾಗಲ್ಲ ದೊಡ್ಡಪ್ಪ, ಅದೇ ಭಯ. ಎಲೇಲಿ ನೂರಕ್ಕೂ ಹೆಚ್ಚು ಬಗೆಯ ಆಲ್ಕಲಾಯ್ಡ್ ಇದಾವೆ, ವಿಷದವೂ ಸೇರಿ. ಆಸ್ಪತ್ರೇಲಿ ವಿನ್‌ಕ್ರಿಸ್ಟಿನ್ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ದಾಟಿಸಲ್ಲ.'

ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಹೊರಡೋ ಮುಂಚೆ ದೊಡ್ಡಪ್ಪ ದೇವರಿಗೆ ನಾಲ್ಕು ಹೂ ಕಿತ್ತರು. ಸೊಪ್ಪು ಮುಟ್ಟಲಿಲ್ಲ.

ಈಗ ವಾಟ್ಸಾಪ್‌ನಲ್ಲಿ 'ಈ ಎಲೆ ಕ್ಯಾನ್ಸರ್ ಕೊಲ್ಲುತ್ತೆ' ಅಂತ ಬಂದಾಗೆಲ್ಲ ನಾನು ಒಂದೇ ಪ್ರಶ್ನೆ ಕೇಳ್ತೀನಿ: ಲ್ಯಾಬಿನ ತಟ್ಟೇಲೋ, ಮನುಷ್ಯರ ಮೈಯಲ್ಲೋ? ನೀವೂ ಕೇಳಿ.