ರಾಯಚೂರಿನಿಂದ ಏನು ತಂದಿರಿ?

ಪ್ರವಾಸ ಮುಗಿಸಿ ಮನೆಗೆ ಬಂದವನನ್ನು ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ "ಏನೇನು ನೋಡಿದಿರಿ?" ಎಂಬುದಲ್ಲ; "ಏನು ತಂದಿರಿ?" ಎಂಬುದು. ಮೈಸೂರಿಗೆ ಹೋದವರು ಗಂಧದ ಆನೆಯನ್ನೋ, ಚನ್ನಪಟ್ಟಣವನ್ನು ಹಾದು ಬಂದವರು ಅರಗಿನ ಬಣ್ಣದ ಬೊಂಬೆಯನ್ನೋ, ಆಗ್ರಾಕ್ಕೆ ಹೋದವರು ಅಂಗೈಯಗಲದ ತಾಜಮಹಲನ್ನೋ ಮುಂದಿರಿಸಿ ಈ ಪ್ರಶ್ನೆಯಿಂದ ಪಾರಾಗುತ್ತಾರೆ. ರಾಯಚೂರಿಗೆ ಹೋದವರು ಏನು ತರಬೇಕು? ಈ ಸಮಸ್ಯೆ ನನಗೆ ಎದುರಾದದ್ದು ನಮ್ಮ ತಂದೆಯವರ ಗಾಜಿನ ಬೀರುವಿನಿಂದ.

ತಂದೆಯವರು ಉಪಾಧ್ಯಾಯರು. ಪರೀಕ್ಷೆಯ ಕೆಲಸಕ್ಕೆಂದು ಊರೂರು ತಿರುಗುತ್ತಿದ್ದ ಅವರು ಹೋದ ಊರಿನಿಂದ ಒಂದು ಸ್ಮರಣಿಕೆಯನ್ನು ತಂದು, ಅದರ ಕೆಳಗೆ ಊರು ಮತ್ತು ಇಸವಿಯನ್ನು ಬರೆದ ಚೀಟಿಯನ್ನು ಅಂಟಿಸುತ್ತಿದ್ದರು. ಗೋಕಾಕದ ಮರದ ಹಣ್ಣು, ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ ಹಬ್ಬಿದ ಬಿದರಿಯ ಪುಟ್ಟ ಕರಂಡಿಕೆ, ಕಿನ್ನಾಳದ ಬಣ್ಣದ ಗಿಳಿ, ಎಲ್ಲವೂ ಅಲ್ಲಿವೆ. ಗಿಳಿಯ ಚೀಟಿಯಲ್ಲಿ "ಕೊಪ್ಪಳ ತಾಲ್ಲೂಕು, ರಾಯಚೂರು ಜಿಲ್ಲೆ" ಎಂದಿದೆ. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕೆಳಗಿನ ಅಂಕಣದ ಮೂಲೆಯಲ್ಲಿ ಮಾತ್ರ ಒಂದು ವಿಚಿತ್ರ. "ರಾಯಚೂರು, 1962" ಎಂಬ ಚೀಟಿಯಿದೆ. ಅದರ ಮೇಲೆ ಯಾವ ವಸ್ತುವೂ ಇಲ್ಲ.

ಕಳೆದುಹೋಗಿರಬೇಕೆಂದು ಅಕ್ಕನನ್ನು ಕೇಳಿದೆ. "ಕಳೆಯುವುದಕ್ಕೆ ತಂದಿದ್ದರೆ ತಾನೆ? ಅಪ್ಪ ಅಲ್ಲಿಂದ ಬರಿಗೈಯಲ್ಲಿ ಬಂದರೆಂದು ಅಮ್ಮ ವಾರವಿಡೀ ಆಡಿಕೊಂಡಿದ್ದಳು" ಎಂದಳು. ನನ್ನ ಶ್ರೀಮತಿಗೆ ಖಾಲಿ ಜಾಗವೆಂದರೆ ಸಹನೆಯಿಲ್ಲ. "ಹಾಗಾದರೆ ನಾವೇ ಹೋಗಿ ಏನಾದರೂ ತಂದಿಡೋಣ" ಎಂದಳು. ಹೀಗೆ ಒಂದು ಚೀಟಿಯ ಸಲುವಾಗಿ ನಾವಿಬ್ಬರೂ ಡಿಸೆಂಬರಿನ ಒಂದು ಸಂಜೆ ರಾಯಚೂರಿನಲ್ಲಿ ಇಳಿದೆವು.

ಎರಡು ನದಿಗಳ ನಡುವೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಹಳೆಯ ಶಾಸನಗಳು ಈ ಸೀಮೆಯನ್ನು ಎಡೆದೊರೆ ನಾಡೆಂದು ಕರೆದಿವೆ. ತೊರೆಗಳ ಎಡೆಯಲ್ಲಿರುವ ನಾಡು ಎಂಬುದಕ್ಕಿಂತ ಒಪ್ಪುವ ಹೆಸರು ಬೇರಿಲ್ಲ. ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಳ ಕಾಲ ಕಾದಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಕೋಟೆಯನ್ನು ಗೆದ್ದುದನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ.

ಅನಂತರದ ಕಾಲದಲ್ಲಿ ರಾಯಚೂರು ಪ್ರಸಿದ್ಧವಾದದ್ದು ರೈಲಿನಿಂದ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ಕೂಡಿದ್ದು ಇಲ್ಲಿ. ಆ ಮೇಲೆ ಅಸಂಖ್ಯ ಪ್ರಯಾಣಿಕರು ಈ ನಿಲ್ದಾಣದ ಹೆಸರನ್ನು ಕಿಟಕಿಯಿಂದ ಓದಿದ್ದಾರೆ. ಇಳಿದು ಊರನ್ನು ನೋಡಿದವರು ಕಡಿಮೆ. ತಂದೆಯವರ ಕಾಲದ ಗಟ್ಟಿ ರಟ್ಟಿನ ಪುಟ್ಟ ಟಿಕೇಟೊಂದು ಸಿಕ್ಕಿದರೂ ಸಾಕೆಂದುಕೊಂಡಿದ್ದೆ. ಆದರೆ ಈಗ ಕೈಗೆ ಬರುವುದು ತೆಳುವಾದ ಕಾಗದ. ಬೆವರಿಗೆ ಅಕ್ಷರಗಳು ಅಳಿಸಿಹೋಗುತ್ತವೆ.

ಮರುದಿನ ತೀನ್ ಕಂದೀಲಿನ ಸುತ್ತಲಿನ ಪೇಟೆಯನ್ನು ಜಾಲಾಡಿದೆವು. ಊರಿನ ಗುರುತಿಗೆ ಏನಾದರೂ ಕೊಡಿರೆಂದು ಒಬ್ಬ ಅಂಗಡಿಯವರನ್ನು ಕೇಳಿದಾಗ ಅವರು ನಕ್ಕು, "ಗುರುತಿಗೇನ್ರೀ? ಶೇಂಗಾ ಒಯ್ರಿ, ಸೋನಾ ಮಸೂರಿ ಅಕ್ಕಿ ಒಯ್ರಿ. ಉಣ್ಣುವಾಗ ನಮ್ಮೂರು ತಾನ ನೆನಪಾಗ್ತದ" ಎಂದರು. ಶ್ರೀಮತಿ ಒಡನೆಯೇ ಎರಡು ಸೇರು ಶೇಂಗಾ ಕಟ್ಟಿಸಿದಳು. ಆದರೆ ಶೇಂಗಾವನ್ನು ಬೀರುವಿನಲ್ಲಿಡಲಾದೀತೆ?

ಹಳೆಯ ಪಾತ್ರೆಗಳ ಅಂಗಡಿಯೊಂದರಲ್ಲಿ ನನ್ನ ಕಣ್ಣು ಅರಳಿತು. ತಟ್ಟೆಯೊಂದರಲ್ಲಿ 1940ರ ದಶಕದ ನಿಜಾಮರ ರೂಪಾಯಿ! ಒಂದು ಮುಖದಲ್ಲಿ ಚಾರ್‌ಮಿನಾರ್. ಅದರ ಬಾಗಿಲಿನ ನಡುವೆ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲಕ್ಷರ. ಇದೇ ಹಾಲಿ ಸಿಕ್ಕಾ. ಬ್ರಿಟಿಷ್ ಭಾರತದ 6 ರೂಪಾಯಿಗೆ ಇದರ 7 ರೂಪಾಯಿ ಸಮ. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಿಂದ ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ನಾಣ್ಯವನ್ನು ಕೊಂಡು ಬೀಗುತ್ತ ಹೊರಬಂದೆ. ಶ್ರೀಮತಿ ತಿರುಗಿಸಿ ನೋಡಿ, "ಚಿತ್ರ ಹೈದರಾಬಾದಿನದಲ್ಲವೇ?" ಎಂದಳು. ನನ್ನ ಉತ್ಸಾಹ ಅಲ್ಲಿಗೇ ಇಳಿಯಿತು.

ಆ ಸಂಜೆ ಏಕ್ ಮಿನಾರ್ ಮಸೀದಿಯನ್ನು ಸಂದರ್ಶಿಸಿದೆವು. ಬಹಮನಿಗಳ ಕೊನೆಗಾಲದಲ್ಲಿ, 1513ರಲ್ಲಿ ಕಟ್ಟಿದ ಈ ಮಸೀದಿಗೆ ಒಂದೇ ಮಿನಾರು. ಎತ್ತರ ಸುಮಾರು 65 ಅಡಿ. ನಾಲ್ಕು ಮಿನಾರುಗಳ ಕಟ್ಟಡವು ಲೋಕಪ್ರಸಿದ್ಧವಾಗಿ ನಾಣ್ಯವನ್ನೇರಿತು. ಅದಕ್ಕಿಂತ ಹಿರಿದಾದ ಈ ಒಂಟಿ ಮಿನಾರಿನ ಚಿತ್ರದ ಒಂದು ಕಾರ್ಡನ್ನೂ ನಾವು ಪೇಟೆಯಲ್ಲಿ ಕಾಣಲಿಲ್ಲ.

ದೇವದುರ್ಗದ ದಾರಿಯಲ್ಲಿ

ಮೂರನೆಯ ದಿನ ಬಾಡಿಗೆ ಕಾರಿನಲ್ಲಿ ದೇವದುರ್ಗದ ಕಡೆಗೆ ಹೊರಟೆವು. ಇಕ್ಕೆಲಗಳಲ್ಲಿ ಹತ್ತಿ ಬಿರಿದ ಕಪ್ಪು ನೆಲ, ಮಧ್ಯೆ ಮಧ್ಯೆ ಗದ್ದೆಯ ಹಸುರು. ಆ ತಾಲ್ಲೂಕಿಗೆ ಸೇರಿದ ಗಬ್ಬೂರು ದೇವಾಲಯಗಳ ಊರು. ಹಿಂದೊಮ್ಮೆ ವಿದ್ಯೆಗೆ ಹೆಸರಾಗಿದ್ದ ಅಗ್ರಹಾರ. ದೇವದುರ್ಗದಲ್ಲಿ ಬೇಡ ನಾಯಕರ ಕಾಲದ ಕೋಟೆಯ ಅವಶೇಷಗಳನ್ನು ನೋಡಿ ಹಿಂದಿರುಗುವಾಗ ನೀರು ಕುಡಿಯಲು ಹಳ್ಳಿಯೊಂದರಲ್ಲಿ ನಿಂತೆವು.

ನಾವು ಹಳೆಯ ಕಲ್ಲುಗಳನ್ನು ನೋಡುವವರೆಂದು ತಿಳಿದು ನಡುವಯಸ್ಸಿನ ಒಬ್ಬಾತ ಮನೆಯೊಳಗಿನಿಂದ ಗೋಣಿಯಲ್ಲಿ ಸುತ್ತಿದ ವಸ್ತುವೊಂದನ್ನು ತಂದ. ಬಿಚ್ಚಿದರೆ ನಂದಿಯ ತಲೆ! ತೆಂಗಿನಕಾಯಿಯ ಗಾತ್ರ; ಹಣೆಯ ಮೇಲೆ ಮಣಿಯ ಸಾಲು, ಒಂದು ಕಿವಿ ಮುಕ್ಕಾಗಿದೆ. "ಬೇಕಾದ್ರ ಒಯ್ರಿ. ಐನೂರು ಕೊಡ್ರಿ ಸಾಕು" ಎಂದ.

ವಾಚಕರಲ್ಲಿ ಮುಚ್ಚುಮರೆ ಏಕೆ? ನನ್ನ ಕೈ ಜೇಬಿಗೆ ಹೋಗಿತ್ತು. ಬೀರುವಿನ ಮೂಲೆಯಲ್ಲಿ ಆ ತಲೆ ಕುಳಿತಿರುವುದನ್ನೂ, ಬಂದವರು ಬೆರಗಾಗುವುದನ್ನೂ ಮನಸ್ಸಿನಲ್ಲಿ ಕಂಡಾಗಿತ್ತು. ಅಷ್ಟರಲ್ಲಿ ಶ್ರೀಮತಿ, "ಇದರ ಮೈ ಎಲ್ಲಿದೆಯಪ್ಪಾ?" ಎಂದು ಕೇಳಿದಳು.

"ಅಲ್ಲೇ ಅದರೀ ಅಮ್ಮಾರ" ಎಂದು ಆತ ಊರ ಹೊರಗಿನ ಪಾಳುಗುಡಿಯನ್ನು ತೋರಿಸಿದ. ಹೋಗಿ ನೋಡಿದೆವು. ಬೇವಿನ ನೆರಳಿನಲ್ಲಿ ಕಾಲು ಮಡಿಸಿ ಮಲಗಿದ ನಂದಿ, ಕತ್ತಿನ ಮೇಲೆ ಏನೂ ಇಲ್ಲ. ಬೆನ್ನಿನ ಮೇಲೆ ಯಾರೋ ಅಂದೇ ಹಚ್ಚಿದ ಕುಂಕುಮ.

"ಹಿಂದ ಕಾರಿನ್ಯಾಗ ಬಂದವ್ರು ಇಂಥಾವು ಅದಾವೇನು ಅಂತ ಕೇಳಿ ಹೋಗಿದ್ರು. ಅದಕ್ಕ ಎತ್ತಿಟ್ಟಿದ್ದೆ" ಎಂದು ಆತ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ತಲೆ ಎಂದೋ ಮುರಿದು ಬಿದ್ದಿರಬಹುದು. ಆದರೆ ಅದನ್ನು ಗುಡಿಯಿಂದ ಗೋಣಿಯೊಳಕ್ಕೆ ತಂದದ್ದು ನಮ್ಮಂಥವರ ಆಸೆಯೇ. ನೂರು ವರ್ಷ ದಾಟಿದ ಶಿಲ್ಪಗಳ ಮಾರಾಟ ಮತ್ತು ಸಾಗಣೆಯನ್ನು 1972ರ ಪ್ರಾಚ್ಯವಸ್ತು ಕಾಯಿದೆ ಬಿಗಿಯಾಗಿ ನಿರ್ಬಂಧಿಸಿದೆ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಜೇಬಿಗೆ ಹೋಗುವಾಗ ಕೈಗೆ ಅದು ನೆನಪಾಗಲಿಲ್ಲ, ಅಷ್ಟೆ. ಮೂವರೂ ಸೇರಿ ಆ ತಲೆಯನ್ನು ನಂದಿಯ ಮುಂಗಾಲುಗಳ ನಡುವೆ ಇರಿಸಿದೆವು. ಊರಿನ ಹಿರಿಯರಿಗೆ ಹೇಳಿ ಪುರಾತತ್ವ ಇಲಾಖೆಗೆ ಬರೆಸಿರೆಂದು ಆತನಿಗೆ ತಿಳಿಸಿ ಬಂದೆವು.

ಇದೇ ಸೀಮೆಯ ಮಸ್ಕಿಯ ನೆನಪು ದಾರಿಯುದ್ದಕ್ಕೂ ಕಾಡಿತು. ಚಿನ್ನದ ನೆಲೆಯನ್ನು ಅರಸುತ್ತ ಬಂದ ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಅಲ್ಲಿ ಕಂಡದ್ದು ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಅದರಿಂದ ದೃಢವಾಯಿತು. ಶಾಸನವು ಇಂದಿಗೂ ಆ ಬಂಡೆಯ ಮೇಲೆಯೇ ಇದೆ.

ಮಾನ್ವಿಯಲ್ಲಿ

ಮಾನ್ವಿಗೆ ಹೋದದ್ದು ನಾಲ್ಕನೆಯ ದಿನ. ಮಾನ್ವಿ, ದೇವದುರ್ಗ ಎರಡೂ ದಾಸಸಾಹಿತ್ಯಕ್ಕೆ ತವರು. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಜಗನ್ನಾಥದಾಸರು (1728–1809) ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಜಗನ್ನಾಥದಾಸರು ಅಲ್ಪಾಯುವಾಗಿ ವ್ಯಾಧಿಯಿಂದ ಬಳಲುತ್ತಿದ್ದಾಗ ಗೋಪಾಲದಾಸರು ತಮ್ಮ ಆಯುಷ್ಯದಿಂದ 40 ವರ್ಷಗಳನ್ನು ಧಾರೆಯೆರೆದು ಕೊಟ್ಟರೆಂದು ಸಂಪ್ರದಾಯದ ಕಥೆ. ಮಾನ್ವಿಯಲ್ಲಿ ದಾಸರ ಸನ್ನಿಧಾನವೆಂದು ಭಕ್ತರು ನಂಬಿದ ಕಂಬಕ್ಕೆ ನಮಸ್ಕರಿಸಿ ಕುಳಿತಾಗ, ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಪುಸ್ತಕವಿಲ್ಲದೆ ಪದ್ಯದ ಮೇಲೆ ಪದ್ಯವನ್ನು ಹೇಳುತ್ತಿದ್ದರು. ಎಷ್ಟು ಕಾಲದಿಂದ ಬರುತ್ತದೆಂದು ಶ್ರೀಮತಿ ಕೇಳಿದಳು. "ನಮ್ಮವ್ವ ಹೇಳತಿದ್ಳು, ನಾನೂ ಹೇಳತೀನಿ" ಎಂಬುದಷ್ಟೇ ಉತ್ತರ. ಚೀಟಿಗೆ ಒಪ್ಪುವ ವಸ್ತು ಅಲ್ಲಿಯೂ ದೊರೆಯಲಿಲ್ಲ. ಆದರೆ ನನಗೆ ಅದರ ಚಿಂತೆ ಸ್ವಲ್ಪ ಕಡಿಮೆಯಾಗಿತ್ತು.

ಕೋಟೆಯ ಗೋಡೆಯ ಮುಂದೆ

ಊರಿನ ನಡುವೆಯೇ ಇದೆಯಲ್ಲ ಎಂದು ಕೋಟೆಯನ್ನು ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದೆವು. ಮುಂಜಾನೆ ಬೆಟ್ಟವನ್ನೇರಿ ಬಾಲಾ ಹಿಸಾರಿನ ಫಿರಂಗಿಯನ್ನೂ, ಕೆಳಗೆ ಹೊಳೆಯುವ ಆಮ್ ತಲಾಬನ್ನೂ ನೋಡಿ ಇಳಿದೆವು. ನವರಂಗ ದರ್ವಾಜದಲ್ಲಿ ಸಂಗ್ರಹಿಸಿಟ್ಟ ಶಿಲ್ಪಗಳ ನಡುವೆ ನಡೆದಾಡುವಾಗ ಹಳ್ಳಿಯ ನಂದಿ ಮತ್ತೆ ನೆನಪಾಯಿತು.

ಪಶ್ಚಿಮದ ಒಳಗೋಡೆಯ ಬಳಿಗೆ ಬಂದಾಗ ಬಿಸಿಲೇರಿತ್ತು. ಆ ಗೋಡೆಯಲ್ಲಿ ಒಂದೇ ಅಖಂಡ ಶಿಲೆಯಿದೆ: ಉದ್ದ 41 ಅಡಿಗೂ ಮಿಗಿಲು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನಾಥನು ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ಶಾಸನ ಸಾರುತ್ತದೆ. ಇಂಥ ಕಲ್ಲನ್ನು ಹೇಗೆ ತಂದರು? ಅದನ್ನೂ ಅವರೇ ತಿಳಿಸಿದ್ದಾರೆ. ಪಕ್ಕದ ಕಲ್ಲಿನ ಮೇಲೆ ಗೆರೆಯಲ್ಲಿ ಕೊರೆದ ಚಿತ್ರ: ಬಂಡಿಯ ಮೇಲೆ ಆ ಉದ್ದನೆಯ ಶಿಲೆ, ಮುಂದೆ ಕೋಣಗಳ ಸಾಲು, ಅವನ್ನು ಹುರಿದುಂಬಿಸುವ ಆಳುಗಳು, ಚಕ್ರಕ್ಕೆ ಸನ್ನೆಗೋಲು ಹಾಕಿ ನೂಕುವವರು.

ನಾನು ಅಲ್ಲಿಯೇ ನಿಂತುಬಿಟ್ಟೆ. ಆ ಕೋಣಗಳನ್ನು ಮೊದಲೇ ಬಲ್ಲೆ!

ಆಗ ನನಗೆ ಐದು ವರ್ಷವಿರಬೇಕು. ರಾತ್ರಿ ಊಟಕ್ಕೆ ಹಟ ಮಾಡಿದರೆ ತಂದೆಯವರು ಸ್ಲೇಟನ್ನು ತೆಗೆದುಕೊಂಡು ಒಂದು ಬಂಡಿಯನ್ನೂ ಅದರ ಮೇಲೆ ಉದ್ದನೆಯ ಕಲ್ಲನ್ನೂ ಬರೆಯುತ್ತಿದ್ದರು. "ಕಲ್ಲು ಕದಲುತ್ತಿಲ್ಲ. ಇನ್ನೊಂದು ತುತ್ತು ತಿಂದರೆ ಇನ್ನೊಂದು ಜೊತೆ ಕೋಣ ಕಟ್ಟುತ್ತೇನೆ." ತುತ್ತಿಗೊಂದು ಜೊತೆ. ಸ್ಲೇಟು ತುಂಬುವಷ್ಟರಲ್ಲಿ ತಟ್ಟೆ ಬರಿದಾಗುತ್ತಿತ್ತು. ಅದು ಅವರು ಕಟ್ಟಿದ ಕಥೆಯೆಂದೇ ನಾನು ತಿಳಿದಿದ್ದೆ.

ಅಲ್ಲಿಂದಲೇ ಅಕ್ಕನಿಗೆ ದೂರವಾಣಿ ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದು, "ಹೌದು, ಸನ್ನೆಗೋಲು ಹಿಡಿದವನು ನೀನು ಅನ್ನುತ್ತಿದ್ದರು. ಅಮ್ಮನಿಗೆ ಇದು ತಿಳಿಯಲೇ ಇಲ್ಲ" ಎಂದಳು.

ಈ ಊರನ್ನು ನೋಡಬಯಸುವ ಕುಟುಂಬಗಳಿಗೆ ಒಂದು ಮಾತು: ನವೆಂಬರಿನಿಂದ ಜನವರಿಯವರೆಗೆ ಹೋಗಿರಿ; ಬೇಸಗೆಯಲ್ಲಿ ಇಲ್ಲಿನ ಬಿಸಿಲು ಬಂಡೆಯನ್ನೂ ಕಾಯಿಸಿ ಕೆಂಡ ಮಾಡುತ್ತದೆ. ದೇವದುರ್ಗ, ಮಾನ್ವಿ ಎರಡೂ ಹೆಚ್ಚು ದೂರದಲ್ಲಿಲ್ಲ. ಒಂದೊಂದಕ್ಕೆ ಒಂದೊಂದು ದಿನ ಸಾಕು. ಜೋಳದ ರೊಟ್ಟಿ, ಎಣಗಾಯಿ, ಮಂಡಾಳ ಒಗ್ಗರಣೆಗಳನ್ನು ಬಿಡಬೇಡಿರಿ. ಕೋಟೆಯನ್ನು ಮಾತ್ರ ನಮ್ಮಂತೆ ಕೊನೆಗೆ ಉಳಿಸಿಕೊಳ್ಳಬೇಡಿರಿ.

ಮನೆಗೆ ಬಂದ ಸಂಜೆಯೇ ಪಕ್ಕದ ಮನೆಯವರು ಬಂದು, "ಏನು ತಂದಿರಿ?" ಎಂದರು. ಶ್ರೀಮತಿ ಅವರ ಸೆರಗಿಗೆ ಒಂದು ಬೊಗಸೆ ಶೇಂಗಾ ಹಾಕಿದಳು. ನಾಣ್ಯವನ್ನು "ಹೈದರಾಬಾದು" ಎಂಬ ಹೊಸ ಚೀಟಿ ಬರೆದು ಬೀರುವಿನಲ್ಲಿಟ್ಟೆ. ತಂದೆಯವರ ಚೀಟಿಯ ಜಾಗ ಹಾಗೆಯೇ ಇದೆ. ರಾತ್ರಿ ಮೊಮ್ಮಗ ಊಟಕ್ಕೆ ಹಟ ಹಿಡಿದಾಗ ನಾನು ಒಂದು ಹಾಳೆಯನ್ನು ತೆಗೆದುಕೊಂಡು ಬಂಡಿ ಬರೆದೆ. ಮೂರು ತುತ್ತಿನ ಮೇಲೆ ಅವನು, "ತಾತ, ಕಲ್ಲು ಕದಲಿತೇ?" ಎಂದು ಕೇಳಿದ.

"ಇನ್ನೂ ಇಲ್ಲ" ಎಂದೆ.