ಎರಡಡಿ ಹಲಗೆಯ ಮೇಲೆ ಘಟಪ್ರಭಾ ಕಣಿವೆ

ಗೋಕಾಕ ಜಲಪಾತದಲ್ಲಿ ಘಟಪ್ರಭಾ ನದಿ ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತದೆ; ಮಾದರಿ ರೈಲು ಕಟ್ಟುವವರಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಪ್ರಮಾಣದಲ್ಲಿ, ಅಂದರೆ ನಿಜದ 87 ಅಡಿಗೆ ಮಾದರಿಯ ಒಂದಡಿ ಎಂಬ ಲೆಕ್ಕದಲ್ಲಿ, ಆ ಧಾರೆ ಎರಡಡಿಗೆ ಇಳಿಯುತ್ತದೆ. ಗೋಡೆಗೆ ತಾಗಿಸಿ ಹಾಕುವ ಹಲಗೆಯ ಅಗಲವೂ ಸಾಮಾನ್ಯವಾಗಿ ಅಷ್ಟೇ, ಏಕೆಂದರೆ ಅದಕ್ಕಿಂತ ಆಚೆ ಹಳಿ ತಪ್ಪಿದ ಡಬ್ಬಿಯನ್ನು ಎತ್ತಿಡಲು ಕೈ ನಿಲುಕುವುದಿಲ್ಲ. ಜಲಪಾತದ ಎತ್ತರವೇನೋ ಹೀಗೆ ದಕ್ಕುತ್ತದೆ. ಆದರೆ ಮೂಡಲಗಿಯ ಕಬ್ಬಿನ ಹೊಲಗಳನ್ನೂ, ಗೋಕಾಕ ರೋಡ್ ನಿಲ್ದಾಣದಿಂದ ಹುಕ್ಕೇರಿ ತಾಲ್ಲೂಕಿನ ಪಾಶ್ಚಾಪುರದ ಕಡೆಗೆ ಸಾಗುವ ಹಳಿಯನ್ನೂ ಅದೇ ಎರಡಡಿಯಲ್ಲಿ ಹಾಸಹೊರಟವರು ದೂರವನ್ನು ಎಲ್ಲಿಂದಾದರೂ ಸಾಲ ತರಬೇಕಾಗುತ್ತದೆ, ಮತ್ತು ಆ ಸಾಲವನ್ನು ಅತಿ ಅಗ್ಗವಾಗಿ ಕೊಡುವುದು ಕನ್ನಡಿ.

ಕಣ್ಣಿಗೆ ಹಿತವಾದ ಮೋಸ ಮಾಡುವ ಕಸುಬು ಗೋಕಾಕಕ್ಕೆ ಹೊಸದಲ್ಲ. ಇಲ್ಲಿನ ಬೊಂಬೆ ಕುಶಲಕರ್ಮಿಗಳು ಹಗುರ ಮರದಲ್ಲಿಯೂ ಮಣ್ಣಿನಲ್ಲಿಯೂ ಮಾಡುವ ಹಣ್ಣು ತರಕಾರಿಗಳು ಬುಟ್ಟಿಯಲ್ಲಿದ್ದರೆ ಕೈ ತಾನಾಗಿಯೇ ಮುಂದೆ ಚಾಚುತ್ತದೆ. ನವರಾತ್ರಿಯ ಬೊಂಬೆ ಕೂರಿಸುವ ಮನೆಗಳಲ್ಲಿಯೂ ಕನ್ನಡಿಯೊಂದನ್ನು ಅಂಗಾತ ಮಲಗಿಸಿ, ಅಂಚಿಗೆ ಮರಳು ಸುರಿದು, ಕೆರೆ ಎಂದು ಕರೆಯುವ ರೂಢಿಯುಂಟು. ರೈಲು ಮಾದರಿಯಲ್ಲಿ ಮಾತ್ರ ಮಲಗಿದ ಕನ್ನಡಿ ಅಷ್ಟಾಗಿ ಒಪ್ಪುವುದಿಲ್ಲ. ಮಳೆಗಾಲದ ಘಟಪ್ರಭೆ ಕೆಂಪು ಮಣ್ಣು ಹೊತ್ತು ಹರಿಯುವ ಹೊಳೆಯೇ ಹೊರತು ಬೆಳ್ಳಿಯ ತಟ್ಟೆಯಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಎದ್ದು ನಿಂತ ಕನ್ನಡಿ.

ಕಟಿಂಗ್ ಅಂಗಡಿಯಲ್ಲಿ ಎದುರುಬದುರು ತೂಗುಹಾಕಿದ ಕನ್ನಡಿಗಳ ನಡುವೆ ಕುಳಿತವರಿಗೆಲ್ಲ ಅದರ ಶಕ್ತಿ ಗೊತ್ತು. ಹಲಗೆಯ ಹಿಂದಿನ ಅಂಚಿನಲ್ಲಿ ಕಬ್ಬಿನ ಹೊಲ ಮಾಡಿ, ಅದರ ಬೆನ್ನಿಗೆ ಕನ್ನಡಿ ನಿಲ್ಲಿಸಿದರೆ ಒಂದು ಗೇಣಿನ ಹೊಲ ಎರಡು ಗೇಣಾಗುತ್ತದೆ. ಎಂಟಡಿಯ ಕಬ್ಬು ಈ ಪ್ರಮಾಣದಲ್ಲಿ ಒಂದು ಅಂಗುಲಕ್ಕೆ ತುಸು ಹೆಚ್ಚು. ಹಸಿರು ಬಳಿದ ಸೆಣಬಿನ ನಾರನ್ನು ಅಷ್ಟುದ್ದಕ್ಕೆ ಕತ್ತರಿಸಿ ನೆಟ್ಟರೆ, ಗರಿಗಳೇ ಕನ್ನಡಿಯ ಬುಡವನ್ನೂ ಮೇಲಂಚನ್ನೂ ಮುಚ್ಚಿಬಿಡುತ್ತವೆ. ಆದರೆ ಸಾಲುಗಳು ಕನ್ನಡಿಯನ್ನು ನೇರ ಲಂಬಕೋನದಲ್ಲಿ ಮುಟ್ಟಲೇಬೇಕು, ಸ್ವಲ್ಪ ಓರೆಯಾದರೂ ನಿಜದ ಸಾಲು ಒಂದು ಕಡೆಗೂ ಬಿಂಬದ ಸಾಲು ಇನ್ನೊಂದು ಕಡೆಗೂ ವಾಲಿ, ಹೊಲದ ನಡುವೆ ಮಡಿಕೆ ಬಿದ್ದಂತೆ ಕಾಣುತ್ತದೆ. ಕನ್ನಡಿಯ ತಲೆಯನ್ನು ನೋಡುಗರ ಕಡೆಗೆ ಒಂದು ಡಿಗ್ರಿ ಬಾಗಿಸಿದರೆ ಬಿಂಬದ ನೆಲ ಎರಡು ಡಿಗ್ರಿ ಏರುತ್ತದೆ. ದೂರದ ಗುಡ್ಡದ ಕಡೆಗೆ ಹೊಲ ಮೆಲ್ಲನೆ ಏರುವ ಈ ನೋಟ ಈ ಸೀಮೆಗೆ ಚೆನ್ನಾಗಿ ಹೊಂದುತ್ತದೆ, ಜೊತೆಗೆ ನೋಡುಗರ ಮುಖವೂ ಬಿಂಬದಿಂದ ಜಾರಿಹೋಗುತ್ತದೆ. ಕಬ್ಬಿನ ಗದ್ದೆಯ ಮೇಲೆ ಕನ್ನಡಕ ಹಾಕಿದ ದೈತ್ಯನೊಬ್ಬ ಇಣುಕುವುದಕ್ಕಿಂತ ದೊಡ್ಡ ಎಡವಟ್ಟು ಈ ಕಲೆಯಲ್ಲಿಲ್ಲ.

ಜಲಪಾತದ ತೂಗುಸೇತುವೆ ಇನ್ನೂ ದೊಡ್ಡ ಆಸೆ ಹುಟ್ಟಿಸುತ್ತದೆ. ಸುಮಾರು 200 ಮೀಟರ್ ಉದ್ದದ ಅದು ಮಾದರಿಯಲ್ಲಿ ಏಳೂವರೆ ಅಡಿಯಾಗುತ್ತದೆ. ಅರ್ಧವನ್ನಷ್ಟೇ ಕಟ್ಟಿ ನಟ್ಟನಡುವೆ ಕನ್ನಡಿ ಇಟ್ಟರೆ, ಹಗ್ಗ ಹಲಗೆಗಳೆಲ್ಲ ಸಮರೂಪವಾದ್ದರಿಂದ, ಪೂರ್ತಿ ಸೇತುವೆ ತೂಗುತ್ತದೆ. ಆದರೆ ಕನ್ನಡಿಗೆ ವಿವೇಚನೆಯಿಲ್ಲ, ಈ ದಡದಲ್ಲಿರುವ ಹಳೆಯ ನೂಲಿನ ಗಿರಣಿಯನ್ನೂ ಅದು ಆ ದಡದಲ್ಲಿ ಮತ್ತೊಮ್ಮೆ ಕಟ್ಟುತ್ತದೆ, ಮತ್ತು ಗೋಕಾಕದವರ ಕಣ್ಣಿಗೆ ಎರಡು ಗಿರಣಿ ಬಿದ್ದ ಮೇಲೆ ಉಳಿದ ಶ್ರಮವೆಲ್ಲ ನೀರುಪಾಲು. ಹೆಸರಾಂತ ಗುರುತುಗಳಿರುವಲ್ಲಿ ಕನ್ನಡಿ ಇಡದಿರುವುದೇ ಮೇಲು.

ರೈಲಿನ ವಿಷಯದಲ್ಲಂತೂ ಅದು ಚಾಡಿಕೋರ. ಹಳಿ ಕನ್ನಡಿಗೆ ಸಮಾನಾಂತರವಾಗಿದ್ದರೆ ಪಕ್ಕದಲ್ಲಿ ಅಷ್ಟೇ ವೇಗದ ಅವಳಿ ರೈಲು ಹೊರಡುತ್ತದೆ. ನೇರ ಕನ್ನಡಿಯತ್ತ ಹೋದರೆ ಎಂಜಿನ್ ತನಗೇ ಢಿಕ್ಕಿ ಕೊಡಲು ಬರುತ್ತದೆ. ಆದ್ದರಿಂದ ಹಳಿಗೂ ಕನ್ನಡಿಗೂ ನಡುವೆ ಮಣ್ಣಿನ ಏರಿಯನ್ನೋ ಗೋದಾಮಿನ ಸಾಲನ್ನೋ ಅಡ್ಡ ಇಡುತ್ತಾರೆ. ಆ ಗೋದಾಮಿನ ಬೆನ್ನಿಗೂ ಬಣ್ಣ ಬೇಕು, ಅದರ ಮೇಲಿನ ಫಲಕದ ಅಕ್ಷರಗಳನ್ನು ಬಿಂಬದಲ್ಲಿ ಸರಿಯಾಗಿ ಓದಿಸಬೇಕಾದರೆ ತಿರುವುಮುರುವಾಗಿ ಬರೆಯಬೇಕು. ‘ಘಟಪ್ರಭಾ’ ಎಂಬ ನಾಲ್ಕಕ್ಷರವನ್ನು ಹಾಗೆ ಬರೆಯುವಷ್ಟರಲ್ಲಿ ಒತ್ತಕ್ಷರದ ಬೆಲೆ ತಿಳಿಯುತ್ತದೆ. ಈ ಬಗೆಯ ಕನ್ನಡಿ ಕೈಚಳಕಕ್ಕೆ ಹೆಸರಾದವನು ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್. 1973ರಲ್ಲಿ ಅವನು ತೀರಿಕೊಂಡ ಕೆಲವೇ ದಿನಗಳಲ್ಲಿ ಅವನ ರೈಲುಲೋಕ ಬೆಂಕಿಗೆ ಆಹುತಿಯಾಯಿತು.

ಇನ್ನುಳಿದದ್ದು ಗಾಜಿನ ಮಾತು. ಮನೆಗನ್ನಡಿಯ ಪಾದರಸದಂಥ ಲೇಪ ಗಾಜಿನ ಹಿಂಬದಿಗಿರುತ್ತದೆ, ಹೀಗಾಗಿ ಮೂರು ಮಿಲಿಮೀಟರ್ ಗಾಜಿಗೆ ತಾಗಿಸಿಟ್ಟ ಗೋಡೆಗೂ ಅದರ ಬಿಂಬಕ್ಕೂ ನಡುವೆ ನಾಲ್ಕು ಮಿಲಿಮೀಟರಿನ ಸಂದು ಕಾಣುತ್ತದೆ, ಮಾದರಿಯ ಲೆಕ್ಕದಲ್ಲಿ ಅದು ಒಂದಡಿಗೂ ಮೀರಿದ ಬಿರುಕು. ಲೇಪ ಮುಂಬದಿಗಿರುವ ಕನ್ನಡಿಯಲ್ಲಿ ಈ ಸಂದಿಲ್ಲ, ಆದರೆ ಬಟ್ಟೆಯಿಂದ ಒರಟಾಗಿ ಒರಸಿದರೂ ಗೀರು ಬೀಳುತ್ತದೆ. ಕೊಳ್ಳುವ ಮೊದಲು ಬೆರಳ ತುದಿಯನ್ನು ಹಗುರವಾಗಿ ಕನ್ನಡಿಗೆ ಮುಟ್ಟಿಸಿ ನೋಡಬೇಕು: ಬೆರಳೂ ಬಿಂಬವೂ ಕೂಡಿದರೆ ಅದು ಮುಂಬದಿ ಲೇಪದ್ದು, ನಡುವೆ ಸಂದು ಉಳಿದರೆ ಮಾಮೂಲಿನದು.